ಬೀಳದ ಎರಡು ಪೆಟ್ಟು

ಸೋಮವಾರ, ಮಾರ್ಚ್ 4

ಮಹಾಜನಗಳೇ, ಮಾತೆಯರೇ, ಹಿಂದಿನ ಬೆಂಚಿನ ಗಲಾಟೆಯವರೇ! ಸದ್ದು, ಸದ್ದು! (ಕೇಳೋರು ಯಾರು? ಮೊಳೆಗೆ ನೇತುಬಿದ್ದ ಚರ್ಮದ ಏಪ್ರನ್ ಒಂದೇ.) ಇದು ಟ್ರೇನಿಂಗ್ ಇನ್‌ಸ್ಟಿಟ್ಯೂಟ್‌ನವರು ಕಳಿಸಿದ ಮೂರನೇ ಪ್ಲೇಸ್‌ಮೆಂಟ್. ಗೇಟ್ ಅಂಗಡಿಯಲ್ಲಿ ಬಣ್ಣ ಬಳಿದೆ. ವೆಲ್ಡಿಂಗ್ ಶಾಪಲ್ಲಿ ಕಸ ಗುಡಿಸಿದೆ. ಈಗ ಸೋದರಮಾವನ ಕುಲುಮೆ... ನಿಜವಾದ ಬೆಂಕಿ!

ಮಾವ ಸಣ್ಣ ಸುತ್ತಿಗೆಯಲ್ಲಿ ತೋರಿಸಿದ ಕಡೆ ನಾನು ಚಮ್ಮಟಿಗೆ ಬೀಸಬೇಕು. ಮಾತಿಲ್ಲ. ಕಬ್ಬಿಣದ ಅಡಿಗಲ್ಲಿನ ಮೇಲೆ ಮಾವ ಟಣ್ ಟಣ್ ಅಂತ ಎರಡು ಸಲ ತಟ್ಟಿದರೆ, ನಿಲ್ಲಿಸು ಅಂತ.

"ಡೈಲಾಗ್ ಮುಗೀತೇನಪ್ಪಾ? ಕಬ್ಬಿಣ ತಣ್ಣಗಾಯ್ತು," ಅಂದರು ಮಾವ. ಆಮೇಲೆ ಬೆನ್ನು ತಟ್ಟಿ, "ತಿಂಗಳ ಕೊನೆಗೆ ಇನ್‌ಸ್ಟಿಟ್ಯೂಟ್‌ನವರ ಟೆಸ್ಟ್ ಪಾಸಾಗು. ಇಲ್ಲಿರೋ ಒಂದು ಕೆಲಸ ನಿಂದೇ."

ಶನಿವಾರ, ಮಾರ್ಚ್ 16

ಕೈ ಕುದುರಿದೆ. ನಿದ್ದೆಯಲ್ಲೂ ಟಣ್ ಟಣ್. ಮಾವನ ಮಗ ವಾಪಸ್ ಬಂದಿದ್ದಾನೆ, ಅವನ ಫ್ಯಾಕ್ಟರಿ ಮುಚ್ಚಿತಂತೆ. ಅತ್ತೆ ಯಾಕೋ ನನ್ನ ಮುಖ ನೋಡ್ತಿಲ್ಲ.

ಗುರುವಾರ, ಮಾರ್ಚ್ 28

ಟೆಸ್ಟ್. ಎದುರಿಗೆ ಪರೀಕ್ಷಕರು. ಕೆಂಪಗೆ ಕಾದ ಸರಳು. ಮಾವನ ಪೆಟ್ಟು, ನನ್ನ ಪೆಟ್ಟು, ಮಾವನದು, ನನ್ನದು... ಆಹಾ, ಏನು ತಾಳ! ಚಮ್ಮಟಿಗೆ ತಲೆ ಮೇಲಿದ್ದಾಗ ಮಾವ ಸುಮ್ಮನೆ ಸರಳನ್ನು ಎಳೆದುಕೊಂಡರು. ಟಣ್ ಟಣ್ ಇಲ್ಲ! ಪೆಟ್ಟು ಬರೀ ಅಡಿಗಲ್ಲಿಗೆ ಬಿತ್ತು. ಅಂಚಿನ ಚಕ್ಕೆಯೇ ಹಾರಿತು.

"ಸನ್ನೆ ಕೊಟ್ಟೆ ಸಾರ್. ಇವನ ಕಿವಿ ತುಂಬ ಇವನದೇ ದನಿ," ಅಂದರು ಮಾವ.

ಪರೀಕ್ಷಕರು ನಕ್ಕರು. ಫೇಲ್.

ಇರಬಹುದು. ನನಗೇ ಕೇಳಿಸಲಿಲ್ವೇನೋ...

ಶುಕ್ರವಾರ, ಮಾರ್ಚ್ 29

ಇವತ್ತು ಮಾವನ ಮಗನ ಟೆಸ್ಟ್, ಅದೇ ಕೆಲಸಕ್ಕೆ. ರಸ್ತೆಯಾಚೆ ನಿಂತಿದ್ದೆ. ಲಾರಿ ಹಾರ್ನ್ ನಡುವೆಯೂ ಕೇಳಿಸಿತು, ಟಣ್ ಟಣ್. ಸ್ಪಷ್ಟವಾಗಿ. ಪ್ರತಿ ಸಲ.

ಅವನು ಪಾಸು. ಒಳಗೆ ಹೋದೆ. "ಮಾವಾ, ನಿನ್ನೆ ಯಾಕೆ ತಟ್ಟಲಿಲ್ಲ?"

ಮಾವ ಇಕ್ಕಳ ಒರೆಸ್ತಾನೇ ಇದ್ದರು. "ನಿನಗೆ ಗಂಟಲಿದೆಯಪ್ಪಾ, ಮಾತಾಡ್ಕೊಂಡು ಎಲ್ಲಾದ್ರೂ ಬದುಕ್ಕೋತೀಯ. ಅವನಿಗೇನಿದೆ?"

ಇಷ್ಟೇ! ಮೊಳೆಯ ಮೇಲಿನ ಏಪ್ರನ್ ಕಿತ್ತುಕೊಂಡು ಹೊರಬಂದೆ.

ಪರೀಕ್ಷಕರು ನಾಳೆ ಮಧ್ಯಾಹ್ನ ಹೊರಡ್ತಾರೆ. ಬೆಳಿಗ್ಗೆಯೇ ಹೋಗಿ ಅವರನ್ನ ಕುಲುಮೆಗೆ ಕರ್ಕೊಂಡು ಬರ್ತೀನಿ. ಸಣ್ಣ ಸುತ್ತಿಗೆ ನನ್ನ ಕೈಗೆ ಕೊಡಿಸಿ, ಚಮ್ಮಟಿಗೆ ಮಾವನೇ ಬೀಸಲಿ ಅಂತೀನಿ. ಭಾಷಣವಿಲ್ಲ. ಸರಳು ಎಳೆಯೋ ಮುಂಚೆ ಎರಡು ಸಲ ತಟ್ಟುತ್ತೀನಿ, ಮಾವನ ಕಣ್ಣಲ್ಲಿ ಕಣ್ಣಿಟ್ಟು, ಇಡೀ ಬೀದಿಗೆ ಕೇಳೋ ಹಾಗೆ. ಆಮೇಲೆ ಪರೀಕ್ಷಕರನ್ನ ಒಂದೇ ಮಾತು ಕೇಳ್ತೀನಿ: ಮೊನ್ನೆ ಈ ಸದ್ದು ನಿಮಗೆ ಕೇಳಿಸಿತ್ತಾ ಸಾರ್?