ಮಾವಿನಹಣ್ಣಿನ ಚಿತ್ರದ ಬಾಟಲಿ

ಮೂರ್ತಿ,

ಎದ್ದ ತಕ್ಷಣ ಸಂಪಿನೊಳಕ್ಕೆ ಪೈಪು ಹಾಕು, ಹತ್ತಕ್ಕೆ ನೀರು ಬಿಡ್ತಾರೆ. ಕೆಲಸಕ್ಕೆ ಓಡೋ ಅವಸರ ನಿನಗಿನ್ನು ಇಲ್ಲವಲ್ಲ. ಮುದ್ದೆ ಹಾಟ್‌ಬಾಕ್ಸಲ್ಲಿದೆ, ಹುರುಳಿ ಸಾರು ಬಿಸಿ ಮಾಡ್ಕೊ.

ನಿನ್ನ ಪ್ಯಾಂಟು ನೆನೆಹಾಕುವಾಗ ಜೇಬಲ್ಲಿ ಪುಟ್ಟ ಬಾಟಲಿ ಸಿಕ್ತು, ಮೇಲೆ ಮಾವಿನಹಣ್ಣಿನ ಚಿತ್ರ. ಬಾತ್ರೂಮಲ್ಲಿ ಕದ್ದು ಸೇದ್ತೀಯಲ್ಲ ಆ ಕರೆಂಟು ಸಿಗರೇಟು, ಅದಕ್ಕೆ ತುಂಬೋ ರಸ. ಬರೀ ಹಣ್ಣಿನ ಹೊಗೆ ಅಕ್ಕ ಅಂತಿದ್ದೆ. ಹರ್ಷಿತ ಲೇಬಲ್ ಓದಿ ಹೇಳಿದ್ಲು, ಅದಕ್ಕೆ ಹಾಕಿರೋದ್ರಲ್ಲಿ ಮೂರನೇ ಹೆಸರೇ ಆಲ್ಕೋಹಾಲ್ ಅಂತೆ. ಬಾಟಲಿ ಅಟ್ಟದ ಮೇಲಿಟ್ಟಿದೀನಿ. ಕೆಳಗಿದ್ರೆ ಅಮ್ಮ ಎಸೆನ್ಸು ಅಂದ್ಕೊಂಡು ಪಾಯಸಕ್ಕೆ ಹಾಕ್ತಾಳೆ.

ನಿನ್ನೆ ಗೋಡೌನ್ ಗೇಟಲ್ಲಿ ನೀನು ಊದಿದ್ದಕ್ಕೆ ಕುಡಿದೋರನ್ನ ಹಿಡಿಯೋ ಮೆಷಿನ್ನು ಕೂಗ್ತು, ಕೆಲಸದಿಂದ ತೆಗೆದ್ರು. ಮುನೇಶ್ವರನ ಮುಂದೆ ಕರ್ಪೂರ ಹಚ್ಚಿ ಕುಡಿಯೋದು ಬಿಟ್ಟವನು ನಾನು ಅಂತ ನೀನು ಕಣ್ಣೀರು ಹಾಕ್ದೆ. ನಾನು ನಂಬಿದೆ. ಎಂಟು ವರ್ಷದಿಂದ ಅಲ್ಲೇ ಪ್ಯಾಕಿಂಗ್ ಮಾಡೋಳು ನಾನು, ಸೆಕ್ಯುರಿಟಿ ಅಪ್ಪಯ್ಯಣ್ಣನ ಮೇಲೆ ಎಲ್ಲರ ಮುಂದೆ ರೇಗಾಡಿದೆ. ನಿನ್ನ ಮೆಷಿನ್ನೇ ಕೆಟ್ಟಿದೆ, ನನ್ನ ತಮ್ಮನ ಮೈಗೆ ಒಂದು ಹನಿನೂ ಸೇರಿಲ್ಲ, ನನ್ನ ಮಗಳು ಹರ್ಷಿತನ ಮೇಲಾಣೆ ಅಂದೆ.

ಈಗ ಆ ವಯಸ್ಸಾದವನ ಹತ್ರ ತಪ್ಪಾಯ್ತು ಅಂತ ಹೇಳಿ, ಮಗಳನ್ನ ಕರ್ಕೊಂಡು ಮುನೇಶ್ವರನಿಗೆ ತಪ್ಪುಕಾಣಿಕೆ ಹಾಕಿ ಬರ್ತೀನಿ.

ನೀನು ಬರೋದು ಬೇಡ. ಕುಡಿಯಲ್ಲ ಅಂದಿದ್ದೆ, ಕುಡಿದಿಲ್ಲ, ಸೇದಿದೀಯ. ನಿನ್ನ ಆಣೆ ಭದ್ರವಾಗೇ ಇದೆ. ಸುಳ್ಳಾಗಿದ್ದು ನಂದು.

ಅಕ್ಕ