ಕೆಂಪು ಬಾಳೆಯ ಸಿಪ್ಪೆ

೧೪ ಆಗಸ್ಟ್, ಗುರುವಾರ

ಅಕ್ಕನಿಗೆ ಸುಳ್ಳು ಹೇಳಿದೆ. ಊಟ ಸೇರಲಿಲ್ಲ.

ಇವತ್ತು ಲ್ಯಾಬಿನಲ್ಲಿ ಕಂಡದ್ದು ನಿಜ. ಸೊರಗಿಸುವ ಮದ್ದು ಹಾಕಿದ ಸ್ನಾಯುಕೋಶಗಳು ದಾರದಂತೆ ತೆಳ್ಳಗಾಗಿದ್ದವು. ಅದೇ ಮದ್ದಿನ ಜೊತೆ ಕೆಂಪು ಬಾಳೆಸಿಪ್ಪೆಯ ಸತ್ವ ಕುಡಿದವು ಮಾತ್ರ ದಪ್ಪಗೇ ಉಳಿದಿದ್ದವು. ಸಿಪ್ಪೆ ಅಕ್ಕನೇ ಕಮಲಾಪುರದಿಂದ ಬಸ್ಸಿನಲ್ಲಿ ಕಳಿಸಿದ್ದು. ಜೊತೆಗೆ ಕೆಲಸ ಮಾಡುವ ಹೀನಾ ರಜೆಯಲ್ಲಿದ್ದಾಳೆ. ಯಾರಿಗೆ ಹೇಳಲಿ? ಜೇವರ್ಗಿ ಕಾಲೋನಿಯ ಈ ಕೋಣೆಗೆ ಬಂದವಳೇ ಅಕ್ಕನಿಗೆ ಫೋನ್ ಹಚ್ಚಿದೆ. ಜಡ್ಡಿನಿಂದ ಅವಳ ತೋಳು, ತೊಡೆ ಎರಡು ವರ್ಷದಿಂದ ಕರಗುತ್ತಲೇ ಇವೆ.

ನಾನು ಬಾಯಿ ತೆರೆಯುವ ಮೊದಲೇ ಅವಳು ಶುರುಮಾಡಿದಳು.

"ಅಂಬಿಕಾ, ಆ ಸಿಪ್ಪಿ ಒಣಗಿಸಿ ಕುಟ್ಟಿ ನಾನೂ ಮಜ್ಜಿಗ್ಯಾಗ ಕುಡಿಯಾಕತ್ತೀನಿ. ಡಾಕ್ಟರ್ ಕೊಟ್ಟ ಗುಳಿಗಿ ಬಿಟ್ಟೀನಿ."

ಗಾಜಿನ ತಟ್ಟೆಯಲ್ಲಿ ಆದದ್ದು ಮನುಷ್ಯರ ಮೈಯಲ್ಲೂ ಆಗುತ್ತದೋ ಇಲ್ಲವೋ ನನಗೇ ಗೊತ್ತಿಲ್ಲ. ಇಂದಿನ ಸುದ್ದಿ ಕೇಳಿದರೆ ಅವಳು ಗುಳಿಗೆಯನ್ನು ಮುಟ್ಟುವುದೇ ಇಲ್ಲ.

"ಸಿಪ್ಪಿಯಿಂದ ಏನೂ ಆಗಂಗಿಲ್ಲಕ್ಕಾ. ನನ್ನ ಪ್ರಯೋಗ ಕೆಟ್ಟು ಹೋಗೇತಿ. ನೀ ಮೊದಲು ಗುಳಿಗಿ ತಗೋ."

ಅವಳು ನನ್ನನ್ನೇ ಸಮಾಧಾನ ಮಾಡಿದಳು.

"ಹೋಗ್ಲಿ ಬಿಡವಾ, ಮನಸಿಗೆ ಹಚ್ಕೋಬ್ಯಾಡ. ಮತ್ತ ಸಿಪ್ಪಿ ಕಳಸ್ತೀನಿ. ಇವತ್ತು ಕೈಗೆ ಶ್ರಾವಣದ ಬಳಿ ಇಡಿಸ್ಕೊಂಡೆ. ಸಣ್ಣ ಹುಡುಗ್ಯಾರ ಅಳತಿವೇ ಸರಿ ಆದ್ವು ನೋಡು."

ನಕ್ಕಳು. ಫೋನಿನಲ್ಲಿ ಬಳೆಗಳ ಸದ್ದೂ ಕೇಳಿಸಿತು.

ಕೋಶಗಳು ದಪ್ಪಗಿದ್ದವು, ಅಕ್ಕಾ. ಕಣ್ಣು ಒರೆಸಿಕೊಂಡು ಮತ್ತೆ ಮತ್ತೆ ನೋಡಿದೆ. ಇದನ್ನು ಹೇಳಬೇಕೆಂದು ಓಡಿಬಂದದ್ದು ನಿನಗೊಬ್ಬಳಿಗೇ, ಈಗ ನಿನಗೇ ಹೇಳುವಂತಿಲ್ಲ.