ಯಾರು ಮುಟ್ಟಿದ್ದಕ್ಕೆ ಸುಟ್ಟಿತು?

೨೧-೮-೨೦೦೩, ಗುರುವಾರ

ಹಾಸ್ಟೆಲಿನ ಹುಡುಗಿಯರಿಗೆ ನಾಲ್ಕು ಕಂಪ್ಯೂಟರ್ ಕೊಡುತ್ತೇವೆ ಎಂದರು ಸರ್ಕಾರದವರು. ಬಂದದ್ದು ಎರಡು. ಒಂದನ್ನು ವಾರ್ಡನ್ ತನ್ನ ಕೋಣೆಯಲ್ಲೇ ಇಟ್ಟುಕೊಂಡಳು. ಇನ್ನೊಂದು ಕೆಟ್ಟಾಗ, ನಮ್ಮ ಕೇರಿಯ ಹುಡುಗಿ ಸೌಂದರ್ಯ ಮುಟ್ಟಿದ್ದಕ್ಕೇ ಸುಟ್ಟಿತೆಂದು ಅವಳನ್ನು ಹಾಸ್ಟೆಲಿನಿಂದ ಹೊರಹಾಕುವ ಕಾಗದ ಬರೆದಳು. ಮುಟ್ಟಿದಳಂತೆ! ಈ ಮಾತು ನಮ್ಮ ಕೇರಿಗೆ ಹೊಸದಲ್ಲ.

ಇವತ್ತು ಹ್ಯಾಂಡ್‌ಪೋಸ್ಟ್ ಸರ್ಕಲ್ಲಿನಿಂದ ಕಂಪ್ಯೂಟರ್ ರಿಪೇರಿ ಮಾಡುವ ಲಿಂಗರಾಜುವನ್ನು ಕರೆದೊಯ್ದೆ. ಅವನು ಮೀಟರ್ ಹಿಡಿದು ನೋಡಿ, ಮದರ್‌ಬೋರ್ಡಿನ ಮೇಲೆ ತಲೆ ಉಬ್ಬಿ ಸೋರಿದ್ದ, ಕರೆಂಟು ಹಿಡಿದಿಡುವ ಪುಟ್ಟ ಡಬ್ಬಿಯಂಥ ಕೆಪಾಸಿಟರ್‌ಗಳನ್ನು ತೋರಿಸಿದ. ಮಾಲೇ ಕಳಪೆ, ಯಾರೋ ಮುಟ್ಟಿ ಸುಟ್ಟದ್ದಲ್ಲ. ಹಟ ಹಿಡಿದು ವಾರ್ಡನ್ ಕೋಣೆಯದನ್ನೂ ಬಿಚ್ಚಿಸಿದೆ. ಅದರಲ್ಲೂ ಅದೇ ಉಬ್ಬು.

"ಇದ್ನ ಮುಟ್ಟಿದ್ದು ನೀವೇ ಅಲ್ವಾ ಮೇಡಂ? ಅಂಗಾದ್ರೆ ನೀವೂ ಗಂಟುಮೂಟೆ ಕಟ್ಟಿ ಬುಡಿ," ಎಂದ ಲಿಂಗರಾಜು.

ವಾರ್ಡನ್ ಮುಖ ಕಪ್ಪಿಟ್ಟಿತು. "ಏನಾದ್ರೂ ಇರ್ಲಿ ಕಣ್ರೀ, ಸೋಮವಾರ ಮಧ್ಯಾಹ್ನ ಆ ಹುಡುಗಿ ರೂಮು ಖಾಲಿ ಮಾಡ್ಲೇಬೇಕು."

ಮಾಡುವುದಿಲ್ಲ. ಉಬ್ಬಿದ ಬೋರ್ಡು ಎರಡನ್ನೂ ಮೇಜಿನ ಮೇಲಿಟ್ಟು ಹಾಸ್ಟೆಲ್ ಬಾಗಿಲಲ್ಲೇ ನಮ್ಮ ಕೇರಿಯವರ ಸಭೆ: ಸೋಮವಾರ, ಬೆಳಿಗ್ಗೆ ಹತ್ತು ಗಂಟೆ.